ಎಂಜಲಾಗದ ಚಿಪ್

ಪ್ರಿನ್ಸಿಪಾಲ್ ಹೊಸಳ್ಳಿ ಸಾಹೇಬರ ಲ್ಯಾಪ್‌ಟಾಪ್ ಆಮೆಯಂತೆ ತೆವಳುತ್ತಿತ್ತು. ಮರುದಿನ ತಪಾಸಣೆಗೆ ಸಮಿತಿ ಬರುವುದಿತ್ತು. ಸಾಹೇಬರು ಲ್ಯಾಬ್ ಅಟೆಂಡರ್ ಫಕೀರವ್ವನನ್ನು ಕರೆಸಿದರು.

“ಸಂಜೀಕ ಇದು ಕುದುರಿ ಹಂಗ ಓಡಬೇಕು. ಇಲ್ಲಾಂದ್ರ ನಾಳೆಯಿಂದ ನೀ ಗೇಟ್ ಕಾಯಿ. ಮತ್ತ, ಮಂದಿ ಬಳಸಿ ಬಿಟ್ಟ ಎಂಜಲು ಸಾಮಾನು ಇದಕ್ಕ ಹಾಕಬ್ಯಾಡ.”

“ಯಾರೂ ಬಳಸಿರಬಾರದು, ಅಷ್ಟ ಹೌದಲ್ರಿ?” ಎಂದು ಕೇಳಿಕೊಂಡು ಫಕೀರವ್ವ ಗುಜರಿ ಕೋಣೆಗೆ ಹೋದಳು.

ಅಲ್ಲಿ ಕಿಟಕಿಯ ಬಿಸಿಲಿನಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಹಳೆಯ ಕಂಪ್ಯೂಟರುಗಳೆಲ್ಲ ಉಂಡು ಮಲಗಿದವರ ಹಾಗೆ ಕಂಡವು. ಮುಚ್ಚಳದ ಬಣ್ಣ ಮಾಸಿತೆಂದು ಎಸೆದಿದ್ದ ಲ್ಯಾಪ್‌ಟಾಪೊಂದನ್ನು ಅವಳು ಬಿಚ್ಚಿದಳು. ಅದರ ಕೀಲಿಗಳ ಮೇಲೆ ಒಂದು ಅಕ್ಷರವೂ ಸವೆದಿರಲಿಲ್ಲ. ಒಳಗಿನ ಪ್ರೊಸೆಸರ್ ಚಿಪ್ ಅನ್ನು ಅಂಗೈ ಮೇಲಿಟ್ಟುಕೊಂಡರೆ ನೂರಾರು ಸಣ್ಣ ಚಿನ್ನದ ಮೊಳೆಗಳು ದೂರದ ಊರಿನ ದೀಪಗಳಂತೆ ಮಿನುಗಿದವು. ‘ಪಾಪ, ಯಾರಾದರೂ ಒಂದು ಕೆಲಸ ಹೇಳಲಿ ಅಂತ ಎಷ್ಟು ದಿನ ಕಾಯ್ದಿತ್ತೋ’ ಅಂದುಕೊಂಡಳು. ಆ ಗುಂಗಿನಲ್ಲೇ ಅದನ್ನು ಒರೆಸಿ ಸಾಹೇಬರ ಲ್ಯಾಪ್‌ಟಾಪಿನಲ್ಲಿ ಕೂರಿಸಿದಳು.

ಸಂಜೆ ಗುಂಡಿ ಒತ್ತುವಷ್ಟರಲ್ಲಿ ಪರದೆ ಬೆಳಗಿತು. ಸಾಹೇಬರು ಮೀಸೆ ತಿರುವಿದರು. ಫಕೀರವ್ವ ಗುಜರಿ ಕೋಣೆಯಿಂದ ಚಿಪ್ ತೆಗೆದುಕೊಂಡ ಚೀಟಿಯನ್ನು ಸಹಿಗಾಗಿ ಮುಂದಿಟ್ಟಳು. ಓದಿದ ಸಾಹೇಬರ ಮುಖ ಕೆಂಪಾಯಿತು.

“ಗುಜರಿ ಸಾಮಾನ? ಬಳಸಿದ್ದು ಬ್ಯಾಡ ಅಂತ ಹೇಳಿದ್ದಿಲ್ಲೇನು?”

“ಇದನ್ನ ಯಾರೂ ಬಳಸಿಲ್ರಿ ಸರ್,” ಎಂದಳು ಫಕೀರವ್ವ. “ನಾಕು ವರ್ಷ ನಿಮ್ಮ ಟೇಬಲ್ ಮ್ಯಾಲ ಇತ್ತು.”