ಬಾಗ್ಲುಗಂಟ ಬುಡೋರು

ಇದು ನಡದದ್ದೇ. ನನ್ನ ಕ್ಲಾರಿನೆಟ್ ಮೇಲೆ ಕೈಯಿಟ್ಟು ಹೇಳ್ತೀನಿ, ಒಂದು ಮಾತು ಸುಳ್ಳಾಗಿದ್ರೆ ನಾಳೆಯಿಂದ ನನ್ನ ತುಟೀಲಿ ಉಸ್ರು ನಿಲ್ದೆ ಹೋಗ್ಲಿ. ನಾನ್ಯಾರು ಅಂತ ಸುತ್ತ ಹಳ್ಳೀಲಿ ಯಾವ ಮದ್ವೆ ಮನೇಲಾದ್ರೂ ಕೇಳಿ. ಬ್ಯಾಂಡ್ ಸೆಟ್ ಮರಿಸ್ವಾಮಿ ಅಂದ್ರೆ ಎದ್ದು ನಿಂತು ಕುರ್ಚಿ ಕೊಡ್ತರೆ. ನನ್ನಂಗೆ ಊದೋನು ಹಿಂದೆ ಇರ್ನಿಲ್ಲ, ಮುಂದೆ ಬರಾಕಿಲ್ಲ.

ನನ್ನತ್ರ ಕಲ್ತ ಕಾಂತರಾಜು ಈಗ ಡಿಗ್ರಿ ಕಾಲೇಜಲ್ಲಿ ಗುಮಾಸ್ತ. ಮೊನ್ನೆ ಬಂದು ಕೇಳ್ದ.

"ಮಾಸ್ಟ್ರೇ, ಸರ್ಕಾರ ಸ್ಕಾಲರ್‌ಶಿಪ್ ಕೊಡ್ತೀನಿ ಅಂತದೆ. ಹಾಸ್ಟೆಲ್ ಕೊಡ್ತೀನಿ ಅಂತದೆ. ಅರ್ಜಿ ಹಾಕೋದ ನಾನೇ ಕುಂತು ಹೇಳ್ಕೊಡ್ತೀನಿ. ಹೈಕ್ಳು ತುಂಬ್ತವೆ, 'ನಾಳೆ ಬತ್ತೀನಿ ಸಾರ್' ಅಂತವೆ, ಹೋದೋವು ಬರಾದೇ ಇಲ್ಲ. ಆಮೇಲೆ ಫೀಸ್ ಕಟ್ಟಕ್ಕಾಗ್ದೆ ಕಾಲೇಜೇ ಬುಡ್ತವೆ. ಯಾಕ್ ಮಾಸ್ಟ್ರೇ?"

"ಎಲ್ಲಿಗಂಟ ತುಂಬ್ತವೆ?"

"ಎಲ್ಲಾನೂ ತುಂಬ್ತವೆ. ಆದಾಯದ ಸರ್ಟಿಫಿಕೇಟ್ ಒಂದ ತರಾಕಿಲ್ಲ."

ನಾನು ಮೂರನೇ ಕ್ಲಾಸ್ ದಾಟ್ದೋನಲ್ಲ. ಆದ್ರೆ ಇದ್ಕೆ ಉತ್ರ ಗೊತ್ತಿರೋದು ಈ ತಾಲ್ಲೂಕ್ನಲ್ಲಿ ನಂಗೊಬ್ನಿಗೇ. ಕುಂತ್ಕೊ ಅಂದೆ. ಕತೆ ಹೇಳ್ದೆ.

ಒಂದೂರಲ್ಲಿ ಒಬ್ಬ ಡ್ರಮ್ಮಿನೋನು. ಅವ್ನಿಗೊಬ್ಳು ಮಗಳು. ಪಿಯುಸಿ ಪಾಸ್ ಮಾಡಿದ್ಲು. ಪಟ್ಟಣದ ಕಾಲೇಜಲ್ಲಿ ಸೀಟೂ ಸಿಕ್ತು. ಫೀಸು, ಹಾಸ್ಟೆಲ್ಲು ಎಲ್ಲಾ ಸ್ಕಾಲರ್‌ಶಿಪ್ ಮೇಲೆ ನಿಂತಿತ್ತು. ಅದು ಬರ್ದಿದ್ರೆ ಅವ್ಳು ಗಾರ್ಮೆಂಟ್ಸ್ ವ್ಯಾನ್ ಹತ್ಬೇಕು. ಅರ್ಜೀಲಿ ಎಲ್ಲಾ ಆಗಿತ್ತು, ಅಪ್ಪನ ಆದಾಯದ ಕಾಗ್ದ ಒಂದು ಬಾಕಿ.

ಅಪ್ಪ ನಾಳೆ ಹೋಯ್ತೀನಿ ಅಂದ. ಮಾರ್ನೆ ದಿನಾನೂ ನಾಳೆ ಅಂದ.

ನಮ್ಮ ಕಸುಬು ಹೆಂಗೆ ಅಂದ್ರೆ, ಮದ್ವೆಗೆ ಬ್ಯಾಂಡ್ ಮಾತಾಡಕ್ಕೆ ಬಂದೋರು ಮೊದ್ಲು ಕೇಳೋದೇ 'ಹೋದ ಮದ್ವೇಲಿ ಎಷ್ಟು ಕೊಟ್ರು' ಅಂತ. ನಿಜ ಹೇಳ್ದೋನು ಕೆಟ್ಟ. ಹನ್ನೆರಡು ಸಾವ್ರ ತಕಂಡಿದ್ರೆ ಇಪ್ಪತ್ತು ಅನ್ಬೇಕು. ತೊಡೋ ಕೋಟ್‌ಗೆ ಜರಿ ಹಾಕೋದೂ ಅದುಕ್ಕೇ. ಹೆಂಡ್ರಿಗೂ ನಿಜ ಹೇಳಾಕಿಲ್ಲ ನಾವು. ಆ ಡ್ರಮ್ಮಿನೋನೂ ಅಂಗೇ, ಟೀ ಅಂಗ್ಡೀಲಿ ಕುಂತು 'ವರ್ಷಕ್ಕೆ ನಾಕು ಲಕ್ಷ ಎಣಿಸ್ತೀನಿ' ಅನ್ನೋನು. ಅಂಗನ್ನೋನು ಕಚೇರಿಗೋಗಿ, ನಾಕೂರಿನ ಜನದ ಎದ್ರುಗೆ, ಅರವತ್ತು ಸಾವ್ರ ಅಂತ ಹೆಂಗ್ ಹೇಳಾನು?

ಮಗಳಿಗೆ ಇದು ಗೊತ್ತಿಲ್ಲ. ಅಪ್ಪನಿಗೆ ಕಳ್ಸಕ್ಕೆ ಇಷ್ಟ ಇಲ್ಲ ಅಂದ್ಕಂಡ್ಲು. ಬೆಳಿಗ್ಗೆ ಪಟ್ಟಣದ ಬಸ್ಸು ಹಾರನ್ ಹಾಕೋ ಹೊತ್ಗೆ ತಲೆ ಬಾಚ್ಕಂಡು ಹೊಸ್ಲಲ್ಲಿ ನಿಲ್ಲೋಳು. ಬಸ್ಸು ಹೋದ್ಮೇಲೆ ಒಳಗೋಗಿ ಜಡೆ ಬಿಚ್ಚೋಳು. ಒಂದಿನ ಕೇಳೇಬುಟ್ಲು.

"ಅಪ್ಪಾ, ಮದ್ವೆ ಗಂಡ್ನ ಛತ್ರದ ಬಾಗ್ಲುಗಂಟ ಬುಡ್ತೀಯ. ಇಸ್ಕೂಲ್ ಹೈಕ್ಳ ಮೆರವಣಿಗೇನ ಗೇಟ್‌ಗಂಟ ಬುಡ್ತೀಯ. ಕಂಡೋರ್ನೆಲ್ಲಾ ಬುಟ್ಟು ಬತ್ತೀಯಲ್ಲ, ನನ್ನೊಬ್ಳನ್ನ ಬುಟ್ಟು ಬರಕ್ಕಾಗಾಕಿಲ್ವಾ?"

ನಾವು ಬ್ಯಾಂಡ್‌ನೋರು ಬಾಗ್ಲಲ್ಲೇ ನಿಲ್ಲೋರು. ಅದು ನಮ್ಮ ಪದ್ಧತಿ. ಬಾರಿಸ್ಕಂಡು ಕರ್ಕಂಡೋಯ್ತೀವಿ, ಅವ್ರು ಒಳಗೋಯ್ತರೆ, ನಾವು ಹಿಂದಕ್ಕೆ ತಿರೀಕತೀವಿ. ಒಳಗೇನದೆ ಅಂತ ಊದ್ತಾ ಊದ್ತಾ ಇಣುಕಿ ನೋಡಿರ್ತೀವಿ, ಅಷ್ಟೆ.

ಡ್ರಮ್ಮಿನೋನು ಡ್ರಮ್ಮಿನ ಹಗ್ಗ ಬಿಗೀತಾ ಕುಂತಿದ್ದ. ಬಿಗೀತಾನೇ ಇದ್ದ. ಮಾರ್ನೆ ದಿನ ಮಗಳ ಜೊತೆ ಹೊಂಟ.

ನಾಡಕಚೇರಿ ಮುಂದೆ ಹುಣಸೇಮರದ ಕೆಳಗೆ ಸಾಲು ನಿಂತಿತ್ತು. ಲೆಕ್ಕಿಗ ಮೇಜು ಹಾಕ್ಕಂಡು ಕುಂತಿದ್ದ. ಅಪ್ಪ ಮಗಳು ಮುಂದೆ. ಅವ್ರ ಬೆನ್ನಿಗೇ ಒಬ್ಬ ಸಾಹುಕಾರ. ಅವ್ನ ಮಗನ ಮದ್ವೆ ಹತ್ರದಲ್ಲಿತ್ತು, ಡ್ರಮ್ಮಿನೋನ ಸೆಟ್ಟಿಗೇ ಮಾತು ನಡೀತಿತ್ತು. ಸಾಹುಕಾರನ ಹಿಂದೆ ಅದೇ ಸೆಟ್ಟಿನ ಕ್ಲಾರಿನೆಟ್‌ನೋನು. ಅವ್ನಿಗೆ ಮುದುಕ್ರ ಪೆನ್ಷನ್ ಆಗ್ಬೇಕಿತ್ತು, ಅದ್ಕೂ ಇದೇ ಆದಾಯದ ಕಾಗ್ದ ಬೇಕು.

"ಏನಯ್ಯಾ, ವರ್ಷಕ್ಕೆ ಎಷ್ಟು ದುಡೀತೀಯ? ಜೋರಾಗೇಳು" ಅಂದ ಲೆಕ್ಕಿಗ.

ಡ್ರಮ್ಮಿನೋನು ತಿರುಗಿ ನೋಡ್ದ. ಸಾಹುಕಾರ ಕಿವಿ ಕೊಟ್ಟು ನಿಂತವ್ನೆ.

"ನಾಕು ಲಕ್ಷ ಸ್ವಾಮಿ."

"ನಾಕು ಲಕ್ಷ ಇರೋನಿಗೆ ಸ್ಕಾಲರ್‌ಶಿಪ್ ಯಾಕಯ್ಯಾ? ಬರಾಕಿಲ್ಲ ಅದು. ನಾಕು ಲಕ್ಷ ಅಂತ್ಲೇ ಬರ್ಕಳ್ಲಾ?"

ಮಗಳು ಅಪ್ಪನ ಮುಖ ನೋಡ್ನಿಲ್ಲ. ಕಾಲು ನೋಡುದ್ಲು. ಚಪ್ಲಿ ಉಂಗುಷ್ಟ ಕಿತ್ತೋಗಿ ಪಿನ್ ಹಾಕಿತ್ತು. ಇಷ್ಟು ದಿನ ನಾಳೆ ನಾಳೆ ಅಂದದ್ದು ಯಾಕೆ ಅಂತ ಆವಾಗ ಅವ್ಳಿಗೆ ತಿಳೀತು. ಬುಡಪ್ಪಾ, ಮನೆಗೋಗಾನ ಅಂದ್ಲು. ಅವ್ನು ಹ್ಞೂ ಅನ್ನಕ್ಕೆ ಬಾಯಿ ತೆಗ್ದ.

ಅಷ್ಟರಲ್ಲಿ ಕ್ಲಾರಿನೆಟ್‌ನೋನು ಸಾಲು ಮುರ್ದು ಮುಂದಕ್ಕೆ ಬಂದ. ಅವ್ನು ಸಾಮಾನ್ಯದೋನಲ್ಲ. ಟೀ ಅಂಗ್ಡೀಲಿ ಅವ್ನು ಹೇಳ್ತಿದ್ದದ್ದು ಆರು ಲಕ್ಷ.

"ಮೊದ್ಲು ನಂದು ಬರ್ಕಳಿ ಸ್ವಾಮಿ. ಮುದುಕ, ಮಂಡಿನೋವು."

"ಹೇಳಯ್ಯಾ, ಎಷ್ಟು?"

"ಮೂವತ್ತೊಂದು ಸಾವ್ರ."

ಸಾಲಿಗೆ ಸಾಲೇ ನಕ್ತು. ಸಾಹುಕಾರ ಎಲ್ರಿಗಿಂತ ಜೋರಾಗಿ ನಕ್ಕ.

"ಅಲ್ಲಾ ಕಣಯ್ಯಾ, ನಿನ್ನ ಕೋಟಿನ ಜರಿಗೇ ಅಷ್ಟಾಯ್ತದಲ್ಲಯ್ಯಾ!"

"ಕೋಟು ಬಾಡ್ಗೇದು ಬುದ್ಧಿ. ಕೇಳುಸ್ನಿಲ್ವಾ, ಇನ್ನೊಂದ್ಸಲ ಹೇಳ್ಲಾ? ಮೂವತ್ತೊಂದು ಸಾವ್ರ. ಅದ್ರಲ್ಲಿ ಊದಿ ತಂದದ್ದು ಅರ್ಧ, ಕಬ್ಬು ಕಡ್ದು ತಂದದ್ದು ಅರ್ಧ."

ಆ ಉಸ್ರಿಗೆ ಮೈಕು ಯಾಕೆ? ರಸ್ತೆ ಆಚೆ ಬಸ್ಸಿಗೆ ಕಾಯ್ತಿದ್ದೋರೂ ತಿರುಗಿ ನೋಡುದ್ರು.

ಡ್ರಮ್ಮಿನೋನು ಅವ್ನ ಮುಖಾನೇ ನೋಡ್ತಾ ನಿಂತ. ಆಮೇಲೆ ಮೇಜಿನ ಕಡೆ ತಿರುಗ್ದ.

"ಸ್ವಾಮಿ, ನಂದು ಅರವತ್ತು ಸಾವ್ರ. ಇವ್ನಿಗಿಂತ ನಾನೇ ಸಾಹುಕಾರ."

"ಈಗ್ತಾನೆ ನಾಕು ಲಕ್ಷ ಅಂದ್ಯಲ್ಲಯ್ಯಾ?"

"ಅದು ಟೀ ಅಂಗ್ಡಿ ಲೆಕ್ಕ ಸ್ವಾಮಿ."

ಮತ್ತೆ ಸಾಲು ನಕ್ತು. ಈ ಸಲ ಅವ್ನೂ ನಕ್ಕ. ಮಗಳು ಅಪ್ಪನ ಕೈ ಹಿಡ್ಕಂಡ್ಲು.

ಕಾಗ್ದ ಬಂತು. ಅರ್ಜಿ ಮುಗೀತು. ಕಾಲೇಜು ಸುರುವಾಗೋ ದಿನ ಅವ್ನು ಡ್ರಮ್ಮು ಹೆಗಲಿಗೆ ಹಾಕ್ಕಂಡೇ ಅವ್ಳ ಜೊತೆ ಬಸ್ಸು ಹತ್ದ. ಬಾರಿಸ್ನಿಲ್ಲ, ಸುಮ್ನೆ ಹೊತ್ಕಂಡು ಹೋದ. ಗೇಟಲ್ಲಿ ನಿಂತ. ಅವ್ಳು ಒಳಗೋದ್ಲು. ಕಟ್ಟಡದ ಮೂಲೆ ತಿರುಗಿ ಮರೆಯಾಗಗಂಟ ನೋಡ್ದ, ಮರೆಯಾದ್ಮೇಲೂ ನೋಡ್ದ. ಅಷ್ಟು ವರ್ಷ ಅಷ್ಟು ಬಾಗ್ಲಲ್ಲಿ ನಿಂತಿದ್ನಲ್ಲ, ಒಳಗೇನದೆ ನೋಡ್ಬೇಕು ಅನ್ನೋ ಆಸೆ ಅವತ್ತಿನಂಗೆ ಯಾವತ್ತೂ ಆಗಿರ್ನಿಲ್ವಂತೆ. ವಾಚ್‌ಮನ್ನು ಏನ್ ಬೇಕಪ್ಪಾ ಅಂದ. ಏನೂ ಇಲ್ಲ, ಬುಟ್ಟೋಗಕ್ಕೆ ಬಂದಿದ್ದೆ ಅಂದ್ನಂತೆ.

ಕತೆ ನಿಲ್ಲುಸ್ದೆ. ಕಾಂತರಾಜು ಕನ್ನಡಕ ತೆಗ್ದು ಒರುಸ್ಕಂಡ.

"ಹಂಗಾರೆ ನಾನೇನ್ ಮಾಡ್ಬೇಕು ಮಾಸ್ಟ್ರೇ? ನನ್ನ ಮೇಜು ವರಾಂಡದಲ್ಲದೆ. ಒಬ್ಬೊಬ್ರನ್ನೇ ರೂಮಿಗೆ ಕರ್ದು ಕೇಳ್ಲಾ?"

"ಅದೂ ಮಾಡು. ಅವ್ರಪ್ಪಂದೀರ ಆದಾಯ ಕೇಳ್ತೀಯಲ್ಲ, ನಿಮ್ಮಪ್ಪ ಏನ್ ಮಾಡ್ತಿದ್ದ ಅಂತ ಆ ಹೈಕ್ಳಿಗೆ ಹೇಳಿದ್ದೀಯಾ?"

ಅವ್ರಪ್ಪ ನನ್ನ ಸೆಟ್ಟಲ್ಲೇ ಇದ್ದೋನು. ದಿಬ್ಬಣದ ಮುಂದೆ ಗ್ಯಾಸ್‌ಲೈಟ್ ತಲೆ ಮೇಲೆ ಹೊತ್ಕಂಡು ನಡೀತಿದ್ದ. ನಮ್ಮೆಲ್ರ ಮುಖಕ್ಕೂ ಬೆಳಕು ಅವ್ನದೇ. ಕಾಲೇಜಲ್ಲಿ ಅದು ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಕಾಂತರಾಜು ಇಸ್ತ್ರಿ ಮಾಡಿದ್ ಅಂಗಿ ತೋಳು ಸರಿ ಮಾಡ್ಕಂಡ.

"ಅದನ್ನೆಲ್ಲಾ ಹೇಳುದ್ರೆ ನಂಗೆ ಇರೋದೂ ಹೋಯ್ತದೆ ಮಾಸ್ಟ್ರೇ."

"ಹೋಯ್ತದೆ" ಅಂದೆ. "ಆ ಸಾಹುಕಾರ ನನ್ನ ಲೆಕ್ಕ ಕಿವಿಯಾರೆ ಕೇಳಿದ್ನಲ್ಲ, ಅವ್ನ ಮಗನ ಮದ್ವೇಲಿ ರೇಟು ಇಳ್ಸುದ. ನಂಗೆ ಹೋದದ್ದು ಆರು ಸಾವ್ರದ ಏಳ್ನೂರ ಐವತ್ತು ರೂಪಾಯಿ."