ಮಂಚದೊಳಗಿನ ಮಳೆ

"ಬುದ್ಧಿ, ಕಣ್ಣು ಮುಚ್ಚಿ ಕುಳಿತರೆ ನನ್ನೊಳಗೆ ಒಂದು ದನಿ ಕೇಳುತ್ತದೆ. ತುಂಬಾ ಇಂಪಾಗಿದೆ. ಅದು ದೇವರ ದನಿಯೇ?" ಎಂದು ಶಂಭುಲಿಂಗನೆಂಬ ಶಿಷ್ಯ ಗುರುಗಳನ್ನು ಕೇಳಿದ.

"ಎಷ್ಟು ದಿನದಿಂದ?" ಎಂದರು ಗುರುಗಳು.

"ಮೂರು ತಿಂಗಳಾಯಿತು. ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ. ಅಪ್ಪಣೆಯಾದರೆ ಪಾಠ ಬಿಡುತ್ತೇನೆ. ಮಠದ ಹಸುಗಳನ್ನು ಬೇರೆ ಯಾರಿಗಾದರೂ ಒಪ್ಪಿಸಿ. ನಾನು ಆ ದನಿಯ ಜೊತೆಯೇ ಇದ್ದುಬಿಡುತ್ತೇನೆ."

"ಕೂತುಕೋ," ಎಂದರು ಗುರುಗಳು. "ಒಂದು ಮಂಚದ ಕತೆ ಹೇಳುತ್ತೇನೆ."

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಎಲ್ಲವೂ ಇತ್ತು, ನಿದ್ದೆ ಮಾತ್ರ ಇರಲಿಲ್ಲ. ಕಷಾಯ ಕುಡಿದ. ಹರಕೆ ಹೊತ್ತ. ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡ. ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ಮನಸ್ಸು ಅಂಗಡಿಯಲ್ಲೇ ಕೂತಿರುತ್ತಿತ್ತು. ಹೀಗೆ ಏಳು ವರ್ಷ ಕಳೆಯಿತು.

ಅವನ ಮನೆಯಲ್ಲಿ ಒಂದು ಮಾವಿನ ಮರದ ಮಂಚವಿತ್ತು. ಅವನ ಹೆಂಡತಿಗೆ ತವರಿನಿಂದ ಬಂದದ್ದು. ಕಾಲುಗಳಿಗೆ ದಪ್ಪನೆಯ ಕೆಂಪು ಬಣ್ಣ, ತಲೆಯ ಕಡೆ ಕೆತ್ತಿದ ಎರಡು ಗಿಳಿ. ಪ್ರತಿ ಬೇಸಿಗೆಯಲ್ಲೂ ಆಕೆ ಅದನ್ನು ಅಂಗಳಕ್ಕೆ ಎಳೆಸಿ ಬಿಸಿಲಿಗೆ ಹಾಕುತ್ತಿದ್ದಳು. ಸಂದುಗಳಿಗೆ ಬೇವಿನೆಣ್ಣೆ ಬಿಡುತ್ತಿದ್ದಳು. ಒಳಗೆ ತಂದ ಮೇಲೆ ಕಾಲುಗಳ ಕೆಳಗೆ ಕಲ್ಲಿನ ತುಂಡು ಇಟ್ಟು, ಗೋಡೆಗೂ ಮಂಚಕ್ಕೂ ನಡುವೆ ಒಂದು ಗೇಣು ಜಾಗ ಬಿಡುತ್ತಿದ್ದಳು. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳು.

ಒಂದು ವರ್ಷ ಆಕೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಳು. ಆ ಬೇಸಿಗೆ ಮಂಚ ಬಿಸಿಲು ಕಾಣಲಿಲ್ಲ. ಒರಗಿಕೊಳ್ಳಲು ಅನುಕೂಲವೆಂದು ವ್ಯಾಪಾರಿ ಕಲ್ಲುಗಳನ್ನು ತೆಗೆದು, ಮಂಚವನ್ನು ಗೋಡೆಗೆ ಒತ್ತಿ ಹಾಕಿಕೊಂಡ.

ಒಂದು ಮಧ್ಯಾಹ್ನ ಅವನು ಮಗ್ಗುಲಾಗಿ ಮಲಗಿದ್ದ. ಕಿವಿ ಮಂಚದ ಮರಕ್ಕೆ ತಾಗಿತು. ಒಳಗೆ ಮಳೆ ಬರುತ್ತಿತ್ತು.

ದೂರದ ಮಳೆ. ಎಲೆಗಳ ಮೇಲೆ ಬೀಳುವ ಸಣ್ಣ ಮಳೆ. ತಲೆ ಎತ್ತಿದ, ಕಿಟಕಿಯಲ್ಲಿ ಬಿಸಿಲಿತ್ತು. ಮತ್ತೆ ಕಿವಿಯಿಟ್ಟ, ಮಳೆಯಿತ್ತು. ಈ ಮರ ತಾನು ನಿಂತಿದ್ದ ತೋಪನ್ನು ಇನ್ನೂ ಮರೆತಿಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ನಿದ್ದೆ ಬಂತು. ನಿದ್ದೆಯಲ್ಲಿ ಅವನು ತೋಪಿನೊಳಗೆ ನಡೆದ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಅವನ ಮೈ ಮಾತ್ರ ನೆನೆಯುತ್ತಿರಲಿಲ್ಲ. ದಿನವೂ ಸ್ವಲ್ಪ ಸ್ವಲ್ಪ ಒಳಕ್ಕೆ ಹೋದ. ದಿನವೂ ಸ್ವಲ್ಪ ತಡವಾಗಿ ಎದ್ದ.

ಹೆಂಡತಿ ಮರಳಿ ಬಂದಳು. ಗಂಡನ ಮುಖದಲ್ಲಿ ಕಳೆ ಕಂಡು ಹಿಗ್ಗಿದಳು. ಆಮೇಲೆ ಗೋಡೆಯನ್ನು ನೋಡಿದಳು. ನೆಲದಿಂದ ಮಂಚದವರೆಗೆ ಬೆರಳಗಲದ ಮಣ್ಣಿನ ಗೆರೆ ಹತ್ತಿತ್ತು.

"ಅಯ್ಯೋ, ಗೆದ್ದಲು! ಏಳಿ ಮೇಲೆ. ಹೊರಗೆ ಎಳೆದು ಎಣ್ಣೆ ಬಿಡೋಣ."

"ಮುಟ್ಟಬೇಡ. ನಿನಗೆ ಗೆದ್ದಲು ಕಾಣುತ್ತದೆ, ನನಗೆ ಮಳೆ ಕೇಳುತ್ತದೆ."

"ಮಳೆಯಂತೆ ಮಳೆ! ಹಾಗಾದರೆ ಕೊಡೆ ಹಿಡಿದುಕೊಂಡು ಮಲಗಿ," ಎಂದಳು ಆಕೆ. ಹೋಗಿ ಬಡಗಿಯನ್ನು ಕರೆತಂದಳು.

ಬಡಗಿ ಉಳಿಯ ಹಿಡಿಯಿಂದ ನಾಲ್ಕು ಕಾಲುಗಳನ್ನೂ ತಟ್ಟಿದ. "ಸಾಹುಕಾರರೇ, ಒಂದು ಕಾಲು ಹೋಗಿದೆ, ಮೂರು ಗಟ್ಟಿ ಇವೆ. ಇವತ್ತೇ ಬಿಚ್ಚಿ ಎಣ್ಣೆ ಬಿಟ್ಟರೆ ಮಂಚ ಉಳಿಯುತ್ತದೆ."

"ಈ ದನಿ ಉಳಿಯುತ್ತದೆಯೇ?"

"ಅದು ಹೇಗೆ ಉಳಿದೀತು? ಅದು ಗೆದ್ದಲು ತಿನ್ನುವ ಸದ್ದು."

"ಹಾಗಾದರೆ ನೀನು ಹೋಗು. ನನ್ನ ನಿದ್ದೆಗೆ ಕೈ ಹಾಕಬೇಡ."

ಬಡಗಿ ಹೋದ. ದಿನ ಕಳೆದಂತೆ ಮಳೆ ಬಲವಾಯಿತು. ವ್ಯಾಪಾರಿಗೆ ಅದು ಆಶೀರ್ವಾದವೆಂದೇ ತೋರಿತು. ಗಿರಾಕಿಗಳನ್ನು ಮನೆಗೆ ಕರೆದು ಕಿವಿಯಿಡಿಸಿದ. ಅವರೂ "ಆಹಾ" ಎಂದರು. ಹೆಂಡತಿ ಗೋಡೆಯ ಮಣ್ಣನ್ನು ಗುಡಿಸಿಬಿಟ್ಟಾಳೆಂದು ಪೊರಕೆಯನ್ನು ಬಚ್ಚಿಟ್ಟ. ಆಕೆ ಚಾಪೆ ತೆಗೆದುಕೊಂಡು ನೆಲದ ಮೇಲೆ ಮಲಗತೊಡಗಿದಳು. ಅಂಗಡಿಯ ಬಾಗಿಲು ಕೆಲವು ದಿನ ತಡವಾಗಿ ತೆರೆಯಿತು, ಆಮೇಲೆ ತೆರೆಯಲೇ ಇಲ್ಲ.

ಒಂದು ಮಧ್ಯಾಹ್ನ ಕಿವಿಯಿಟ್ಟಾಗ ಮಳೆ ನಿಂತಿತ್ತು.

ಅವನು ಮಗ್ಗುಲು ಬದಲಿಸಿದ. ಆ ಕಡೆಯೂ ಇಲ್ಲ. ಎದ್ದು ಬಗ್ಗಿ ಒಂದೊಂದೇ ಕಾಲಿಗೆ ಕಿವಿಯಿಟ್ಟ. ಇಲ್ಲ. ಬರಿಗಾಲಲ್ಲಿ ಓಡಿ ತಾನೇ ಬಡಗಿಯನ್ನು ಕರೆತಂದ.

"ನೋಡಪ್ಪಾ, ನಾನು ಎಣ್ಣೆ ಬಿಟ್ಟಿಲ್ಲ, ಬಿಸಿಲಿಗೆ ಹಾಕಿಲ್ಲ. ಯಾರೂ ಮುಟ್ಟದ ಹಾಗೆ ಕಾದಿದ್ದೇನೆ. ಆದರೂ ಯಾಕೆ ನಿಂತಿತು?"

ಬಡಗಿ ಹೆಬ್ಬೆರಳನ್ನು ಮಂಚದ ಕಾಲಿಗೆ ಒತ್ತಿದ. ಬೆರಳು ಬಣ್ಣವನ್ನು ದಾಟಿ ಒಳಗೆ ಹೋಯಿತು. ಅಲ್ಲಿ ಮರವೇ ಇರಲಿಲ್ಲ.

"ತಿನ್ನಲು ಇನ್ನೇನೂ ಉಳಿದಿಲ್ಲ ಸಾಹುಕಾರರೇ, ಅದಕ್ಕೇ ಹೊರಟುಹೋಗಿವೆ. ಇಷ್ಟು ದಿನ ನಿಮ್ಮನ್ನು ಹೊತ್ತದ್ದು ಬರೀ ಬಣ್ಣ."

ವ್ಯಾಪಾರಿ ಹೆಂಡತಿಯ ಕಡೆ ನೋಡಿದ. ಆಕೆ ಗಿಳಿಗಳ ಮೇಲೆ ಒಮ್ಮೆ ಕೈಯಾಡಿಸಿದಳು. ಅಷ್ಟಕ್ಕೇ ಅವು ಪುಡಿಯಾದವು. ಅಂದಿನಿಂದ ಅವನೂ ನೆಲದ ಮೇಲೆ ಮಲಗಿದ. ಕಣ್ಣು ಮುಚ್ಚುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಮೆಲ್ಲಗೆ ಕೇಳಿದ: "ಬುದ್ಧಿ, ಹಾಗಾದರೆ ನನಗೆ ಕೇಳುವುದು ದೇವರೋ ಗೆದ್ದಲೋ? ಹೇಗೆ ತಿಳಿಯಲಿ?"

"ದನಿ ಯಾರದ್ದಾದರೂ ಇರಲಿ ಮಗೂ, ಅದನ್ನು ಕೇಳುತ್ತಾ ಕುಳಿತವನನ್ನು ಬಡಗಿಯ ಹಾಗೆ ಒಮ್ಮೆ ಒತ್ತಿ ನೋಡಿಕೋ," ಎಂದರು ಗುರುಗಳು.