ಹೂವುಗಳ ಮನೆ ಬೇರೆಯಾದದ್ದು

ಒಂದಾನೊಂದು ಕಾಲದಲ್ಲಿ, ಗಂಡಿನ ಹುಡಿ, ಹೆಣ್ಣಿನ ಮಡಿಲು ಎರಡೂ ಪ್ರತಿ ಹೂವಲ್ಲೂ ಒಂದೇ ಮನೇಲಿ ಇದ್ದಾಗ, ತಿಪ್ಪವ್ವ ಅನ್ನೋ ಮುದುಕಿ ಇದ್ದಳಂತೆ. ಹೂಂ ಅನ್ನು ಮಗಾ, ಇಲ್ಲಾಂದ್ರೆ ಕತೆ ನಿಲ್ಲುತ್ತೆ. ಆ ತಿಪ್ಪವ್ವ ಮೂರು ಮಕ್ಕಳನ್ನ ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು. ಯಾರದೋ ಕಣ್ಣು ತಾಗಿಯೇ ಹೋದವು ಅಂತ ಅವಳ ಮನಸ್ಸಲ್ಲಿ ಕೂತುಬಿಟ್ಟಿತ್ತಂತೆ. ಆಮೇಲೆ ಅವಳಿಗೆ ಉಳಿದದ್ದು ಹಿತ್ತಲಿನ ಮೂರು ಪಾತಿ. ಒಂದರಲ್ಲಿ ಮಡಹಾಗಲ, ಒಂದರಲ್ಲಿ ಸಜ್ಜೆ, ಒಂದರಲ್ಲಿ ಹುಚ್ಚೆಳ್ಳು. ಊರಿಗೆಲ್ಲ ಬಿತ್ತನೆ ಬೀಜ ಅಲ್ಲಿಂದಲೇ ಹೋಗಬೇಕಿತ್ತಂತೆ.

ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತೆ ಅಂತಾರಲ್ಲ, ತಿಪ್ಪವ್ವನ ಭಯ ಅಷ್ಟಕ್ಕೇ ನಿಲ್ಲಲಿಲ್ಲ. ಹೂ ಬಿಡೋ ಹೊತ್ತಿಗೆ ಗಿಡಕ್ಕೊಂದು ಬುಟ್ಟಿ ಕವುಚಿ, ಕಂಡವರ ಕಣ್ಣು ಬೇಡ, ಬೀದಿ ಗಾಳಿ ಬೇಡ, ದುಂಬಿ ತರೋ ಧೂಳೂ ಬೇಡ ಅಂತ ಕಾವಲು ಕೂತಳಂತೆ. ಮೊದಲ ವರ್ಷ ಬೀಜ ಸಣ್ಣಗಾಯ್ತಂತೆ. ಎರಡನೇ ವರ್ಷ ಮೊಳಕೆ ತಲೆ ಎತ್ತಲಾರದೆ ಹಳದಿಯಾಗಿ ಸತ್ತವಂತೆ. ಮೂರನೇ ವರ್ಷ ಮೊರದಲ್ಲಿ ಕೇರಿದರೆ ಬರೀ ಜೊಳ್ಳು ಹಾರಿ, ಮೂರು ಚಿಟಿಕೆ ಬೀಜ ಉಳೀತಂತೆ. ಊರಲ್ಲಿ ಒಂದೊಂದೇ ಒಲೆ ಆರ್ತಾ ಬಂತು. ಪಕ್ಕದ ಮನೆ ಕೆಂಚವ್ವ ಬೇಲಿ ಮೇಲಿಂದ ಇಣುಕಿ, ಏನ್ ತಿಪ್ಪಕ್ಕಾ, ಈ ಸಲ ಬುಟ್ಟಿನೇ ಬೇಯಿಸ್ಕೊಂಡು ತಿನ್ನೋಣೇನು ಅಂದಳಂತೆ.

ಆ ಮೂರು ಚಿಟಿಕೇನೂ ಬಿತ್ತಿದಳಂತೆ. ಇದೂ ಜೊಳ್ಳಾದರೆ ಊರೇ ಗುಳೆ ಹೋಗಬೇಕು. ಹೂ ಬಂತು, ಬುಟ್ಟಿ ಹಿಡಕೊಂಡು ಹೋದಳು, ಆಗ ಮಡಹಾಗಲದ ಬಳ್ಳಿ ಮಾತಾಡಿತಂತೆ. ಅವ್ವಾ, ಮುಚ್ಚಬೇಡ. ನಮ್ಮ ಹುಡಿ ನಮಗೇ ಬಿದ್ದೂ ಬಿದ್ದೂ ನಮ್ಮ ಸತ್ವವೇ ನೀರಾಯ್ತು. ಒಂದೇ ಬೆಡಗು, ಒಂದೇ ವಂಶದವರು ಅಣ್ಣ ತಂಗಿ ಅಂತ ನೀವು ಹೆಣ್ಣು ಕೊಡಲ್ಲ, ತರಲ್ಲ, ನಮಗ್ಯಾಕೆ ಹಿಂಗೆ ಮಾಡಿಸ್ತೀಯ ಅಂತಂತೆ.

ಹೊರಗೆ ಆಡೋಕೆ ಬಿಟ್ಟ ನನ್ನ ಮಕ್ಕಳು ಉಳೀಲಿಲ್ಲ ಕಣವ್ವಾ ಅಂತ ತಿಪ್ಪವ್ವ ಅತ್ತಳಂತೆ.

ಮುಚ್ಚಿಟ್ಟ ನಾವೂ ಹೋಗ್ತಾ ಇದ್ದೀವಲ್ಲ ಅಂತಂತೆ ಬಳ್ಳಿ.

ಆ ಮಾತಿಗೆ ಅವಳ ಕೈಯಿಂದ ಬುಟ್ಟಿ ಜಾರಿತಂತೆ. ಆದರೂ ಕೇಳಿದಳು, ತೆರೆದಿಟ್ಟರೂ ನಿಮ್ಮ ಹುಡಿ ನಿಮ್ಮ ಮಗ್ಗುಲಲ್ಲೇ ಇರುತ್ತಲ್ಲ, ಬೀಳದೆ ಇರುತ್ತಾ? ಆಗ ಮಡಹಾಗಲ, ನಾವು ಮನೆ ಬೇರೆ ಆಗ್ತೀವಿ ಅಂತಂತೆ. ಹುಡಿಯ ಅಣ್ಣನದೇ ಒಂದು ಬಳ್ಳಿ, ಮಡಿಲಿನ ತಂಗಿದೇ ಒಂದು ಬಳ್ಳಿ. ಆಮೇಲೆ ಸಜ್ಜೆ, ನಮ್ಮ ತೆನೇಲಿ ಹೆಣ್ಣು ಮೊದಲು ಎದ್ದು ಆಚೆ ಹೊಲದ ಹುಡಿಗೆ ಕಾಯ್ತಾಳೆ, ನಮ್ಮ ಗಂಡುಹುಡಿ ಏಳೋ ಹೊತ್ತಿಗೆ ಬಾಡಿರ್ತಾಳೆ, ಒಬ್ಬರ ಮುಖ ಒಬ್ಬರು ನೋಡಲ್ಲ ಅಂತಂತೆ. ಹುಚ್ಚೆಳ್ಳಿಗೆ ಮಾತ್ರ ದಾರಿ ಕಾಣಲಿಲ್ಲವಂತೆ. ಮನೆ ಬೇರೆ ಮಾಡೋ ಶಕ್ತಿ ಇಲ್ಲ, ಹೊತ್ತು ಬೇರೆ ಮಾಡೋಕೂ ಬರಲ್ಲ. ಕೊನೆಗೆ, ನಮ್ಮ ಹುಡಿ ಬಾಗಿಲಿಗೆ ಬಂದರೆ ಗುರುತು ಹಿಡಿದು ಒಳಕ್ಕೆ ಬಿಡಲ್ಲ ಕಣವ್ವಾ ಅಂತಂತೆ. ಅಯ್ಯೋ ಅದು ನಿಂದೇ ಅಲ್ವೇನೇ ಅಂದಳು ತಿಪ್ಪವ್ವ. ನಂದೇ, ಅದಕ್ಕೇ, ಅಂತಂತೆ.

ಆಮೇಲೆ ತಿಪ್ಪವ್ವ ಕೈ ಕಟ್ಟಿಕೊಂಡು ಕೂತಳಂತೆ. ಒಂದು ದಿನ ಗಾಳಿಯಾಗಲಿ ದುಂಬಿಯಾಗಲಿ ಯಾರೂ ಬರಲಿಲ್ಲ, ಎರಡನೇ ದಿನಾನೂ ಬರಲಿಲ್ಲ, ಹೂ ಬಾಡೋದನ್ನ ನೋಡ್ತಾ ಎದೆ ಒಡೆದುಕೊಂಡಳಂತೆ. ಮೂರನೇ ದಿನ ಆಚೆ ಊರಿನ ಕಡೆಯಿಂದ ಗಾಳಿ ಬೀಸಿತು, ಮೈಯೆಲ್ಲ ಧೂಳಾದ ಒಂದು ದುಂಬಿ ಬಂತು, ಹಿಂದೆ ಇನ್ನೊಂದು.

ಆ ವರ್ಷ ಬೀಜ ಕೈಯಲ್ಲಿ ಹಿಡಿದರೆ ತೂಕ ಬಂತಂತೆ. ಊರಿನ ಒಲೆಗಳೆಲ್ಲ ಹತ್ತಿದವು, ಕೆಂಚವ್ವನೇ ಸಜ್ಜೆ ರೊಟ್ಟಿ ತಟ್ಟಿ ತಂದು, ತಿನ್ನು ತಿಪ್ಪಕ್ಕಾ ಅಂತ ಪಕ್ಕದಲ್ಲೇ ಕೂತಳಂತೆ. ಮಡಹಾಗಲದ ತಂಗಿ ಬಳ್ಳಿ ತುಂಬಾ ಕಾಯಿ. ಅಣ್ಣನ ಬಳ್ಳಿ ಹಿತ್ತಲಿನ ಮೂಲೇಲಿ ಒಂಟಿಯಾಗಿ, ಬರೀ ಹೂ ಬಿಟ್ಟು ಬಿಟ್ಟು ಉದುರಿಸ್ತಿತ್ತು. ಅದರ ಹುಡಿಯನ್ನ ದುಂಬಿ ಹೊತ್ಕೊಂಡು ಆಚೆ ಊರಿಗೆ ಹೋಗ್ತಿತ್ತು, ತನಗೆ ಮಾತ್ರ ಒಂದು ಕಾಯೀನೂ ಇಲ್ಲ. ತಿಪ್ಪವ್ವ ಸಾಯೋ ತನಕ ದಿನಾ ಮೊದಲ ಕೊಡ ನೀರು ಅದಕ್ಕೇ ಹಾಕ್ತಿದ್ದಳಂತೆ.

ಕತೆ ಅಲ್ಲಿಗೆ ಮುಗೀತು ಮಗಾ, ಹೂಂ ಅನ್ನೋದು ಬಿಟ್ಟು ಇನ್ನು ಮಲಕೋ.